ದೊಡ್ಡ ಸ್ಕ್ರೀನಿನ ಫೋನು, ಚಿಕ್ಕ ಬಜೆಟ್ಟು: ನಮ್ಮ ಮಲೆನಾಡಿಗೆ ಯಾವುದು ಸರಿ?

ಈ ಸಲ ಮಳೆ ಹಿಡಿಯುವ ಮೊದಲು ಮೂವರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು. ಆಲ್ದೂರಿನ ಚಿಕ್ಕಮ್ಮ, ಮೂಡಿಗೆರೆ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿರುವ ಗೆಳೆಯ, ಹಾಸನದಲ್ಲಿ ಪಿಯುಸಿ ಓದುತ್ತಿರುವ ಅಕ್ಕನ ಮಗಳು. "ಸ್ಕ್ರೀನ್ ದೊಡ್ಡದಿರಬೇಕು, ರೇಟು ಜಾಸ್ತಿ ಆಗಬಾರದು. ಯಾವುದು ತಗೊಳ್ಳಲಿ?" ಮೂವರಿಗೂ ನಾನು ಬೇರೆ ಬೇರೆ ಉತ್ತರ ಕೊಟ್ಟೆ. ಯಾಕೆ ಹಾಗೆ ಕೊಟ್ಟೆ ಎನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನೀವೂ ಇದೇ ಗೊಂದಲದಲ್ಲಿದ್ದರೆ ಸಹಾಯವಾಗಬಹುದು.

ಮೊದಲು ಯಾವ್ಯಾವುದನ್ನು ನೋಡಬೇಕು ಎಂದು ತಿಳಿದುಕೊಳ್ಳೋಣ. ಆಮೇಲೆ ಫೋನುಗಳ ಕಡೆ ಹೋಗೋಣ.

ಇಂಚಿನ ಲೆಕ್ಕ

ಪೆಟ್ಟಿಗೆ ಮೇಲೆ 6.7 ಇಂಚು ಎಂದು ಬರೆದಿರುತ್ತಾರೆ. ಅದು ಸ್ಕ್ರೀನಿನ ಒಂದು ಮೂಲೆಯಿಂದ ಎದುರಿನ ಮೂಲೆಗೆ ಓರೆಯಾಗಿ ಅಳೆದ ಉದ್ದ. ಏಳೆಂಟು ವರ್ಷದ ಹಿಂದೆ ಬರುತ್ತಿದ್ದ 5.5 ಇಂಚಿನ ಫೋನುಗಳ ಸ್ಕ್ರೀನ್ ಹೆಚ್ಚಾಗಿ 16:9 ಆಕಾರದ್ದು. ಈಗಿನವು 20:9 ಅಥವಾ ಅದರ ಆಸುಪಾಸು. ಅಂದರೆ ಉದ್ದ ಜಾಸ್ತಿ, ಅಗಲ ಕಡಿಮೆ.

ಮನೆಯಲ್ಲಿದ್ದ ಹಳೇ 5.5 ಇಂಚಿನ ಫೋನನ್ನು ಹೊಸ 6.7 ಇಂಚಿನದರ ಪಕ್ಕ ಇಟ್ಟು ಸ್ಕೇಲಿನಲ್ಲಿ ಅಳೆದೆ. ಹಳೆಯದರ ಸ್ಕ್ರೀನಿನ ಅಗಲ 6.8 ಸೆಂ.ಮೀ. ಚಿಲ್ಲರೆ. ಹೊಸದರದು ಹತ್ತಿರ ಹತ್ತಿರ 7 ಸೆಂ.ಮೀ. ವ್ಯತ್ಯಾಸ ಒಂದು ಮಿಲಿಮೀಟರಿಗಿಂತ ಚೂರು ಜಾಸ್ತಿ, ಅಷ್ಟೇ. ಬೆಳೆದಿರುವುದೆಲ್ಲ ಉದ್ದ. ಅದು 12 ಸೆಂ.ಮೀ. ಚಿಲ್ಲರೆ ಇದ್ದದ್ದು ಈಗ 15.5 ಆಗಿದೆ.

ಇದು ಗೊತ್ತಾದ ಮೇಲೆ ಬಹಳ ವಿಷಯ ಸ್ಪಷ್ಟವಾಗುತ್ತದೆ. ಉದ್ದ ಜಾಸ್ತಿಯಾದರೆ ವಾಟ್ಸಾಪಿನಲ್ಲಿ ಇನ್ನೂ ನಾಲ್ಕು ಸಾಲು ಕಾಣುತ್ತದೆ, ಅಕ್ಷರ ದೊಡ್ಡದಾಗುವುದಿಲ್ಲ. ಯೂಟ್ಯೂಬಿನಲ್ಲಿ ಸಾಮಾನ್ಯ 16:9 ವಿಡಿಯೋ ಹಾಕಿ ಅಡ್ಡ ಹಿಡಿದರೆ ಎರಡೂ ಬದಿಗೆ ಕಪ್ಪು ಪಟ್ಟಿ ಬರುತ್ತದೆ. ಚಿತ್ರ ಹಳೇ ಫೋನಿನಷ್ಟೇ ಇರುತ್ತದೆ. ಹಾಗಾಗಿ 6.6 ಬಿಟ್ಟು 6.8 ಇಂಚು ಬೇಕು ಎಂದು ಸಾವಿರ ರೂಪಾಯಿ ಜಾಸ್ತಿ ಕೊಡುವ ಅಗತ್ಯ ಇಲ್ಲ. ಅಕ್ಷರ ದೊಡ್ಡದು ಬೇಕಿದ್ದರೆ ಸೆಟ್ಟಿಂಗ್ಸಿನಲ್ಲಿ ದೊಡ್ಡದು ಮಾಡಿಕೊಳ್ಳಬಹುದು. ಅದಕ್ಕೆ ದುಡ್ಡಿಲ್ಲ.

ಕನ್ನಡ ಓದುವವರು ನೋಡಬೇಕಾದ್ದು

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಇದು. ಕಡಿಮೆ ಬೆಲೆಯ ದೊಡ್ಡ ಸ್ಕ್ರೀನುಗಳಲ್ಲಿ ಎರಡು ಬಗೆ. ಒಂದು ಎಚ್‌ಡಿ ಪ್ಲಸ್, ಅಂದರೆ 720 ಅಡ್ಡ, 1600 ಉದ್ದ. ಇನ್ನೊಂದು ಫುಲ್ ಎಚ್‌ಡಿ ಪ್ಲಸ್, 1080 ಅಡ್ಡ, 2400 ಉದ್ದ. 6.7 ಇಂಚಿನ ಮೇಲೆ ಮೊದಲನೆಯದರಲ್ಲಿ ಒಂದು ಇಂಚಿಗೆ ಸುಮಾರು 260 ಚುಕ್ಕೆ ಬೀಳುತ್ತವೆ, ಎರಡನೆಯದರಲ್ಲಿ ಸುಮಾರು 390. ಸ್ಕ್ರೀನ್ ದೊಡ್ಡದಾದಷ್ಟೂ ಅಷ್ಟೇ ಚುಕ್ಕೆಗಳು ಇನ್ನೂ ದೂರ ದೂರ ಹೋಗುತ್ತವೆ. 720ರ ಫೋನಿನಲ್ಲಿ ಇಂಚು ಹೆಚ್ಚಿಸಿದರೆ ಅಕ್ಷರದ ಅಂಚು ಇನ್ನೂ ಮಸುಕಾಗುತ್ತದೆ.

ಇಂಗ್ಲಿಷ್ ಓದುವವರಿಗೆ ಇದು ಅಷ್ಟು ಗೊತ್ತಾಗಲಿಕ್ಕಿಲ್ಲ. ಕನ್ನಡಕ್ಕೆ ಗೊತ್ತಾಗುತ್ತದೆ. ದ, ಧ, ಥ ನೋಡಿ. ಒಂದು ಗೀಟು, ಒಂದು ಚುಕ್ಕೆಯ ವ್ಯತ್ಯಾಸ. ಮೇಲೆ ಗುಣಿತ, ಕೆಳಗೆ ಒತ್ತು. ಅಂಗಡಿಯಲ್ಲಿ ಎರಡು ಫೋನನ್ನು ಅಕ್ಕಪಕ್ಕ ಇಟ್ಟು, ಒಂದೇ ಪತ್ರಿಕೆಯ ಒಂದೇ ಪುಟವನ್ನು ಎರಡರಲ್ಲೂ ತೆರೆದು ಚಿಕ್ಕಮ್ಮನ ಕೈಗೆ ಕೊಟ್ಟೆ. ಚಾರ್ಮಾಡಿ ಘಾಟಿಯಲ್ಲಿ ಮಣ್ಣು ಕುಸಿದ ಹಳೇ ಸುದ್ದಿ. "ರಾಷ್ಟ್ರೀಯ ಹೆದ್ದಾರಿ 73" ಎನ್ನುವ ಕಡೆ 720ರ ಸ್ಕ್ರೀನಿನಲ್ಲಿ "ಷ್ಟ್ರೀ" ಕೆಳಗಿನ ಎರಡು ಒತ್ತೂ ಸೇರಿಕೊಂಡು ಒಂದು ಕಪ್ಪು ಗಂಟಿನ ಹಾಗೆ ಕಂಡಿತು. ಇನ್ನೊಂದರಲ್ಲಿ ಟ ಒತ್ತು, ರ ಒತ್ತು ಬಿಡಿಬಿಡಿಯಾಗಿತ್ತು. ಚಿಕ್ಕಮ್ಮ ಕನ್ನಡಕ ಮೇಲೆ ಕೆಳಗೆ ಮಾಡಿ ಎರಡನ್ನೂ ನೋಡಿದರು. "ಇದ್ರಲ್ಲಿ ಕಣ್ಣು ಕಿರಿದು ಮಾಡೋದೇ ಬೇಡ ಮಾರಾಯ" ಎಂದು ಎರಡನೆಯದನ್ನು ಕೈಯಲ್ಲೇ ಇಟ್ಟುಕೊಂಡರು.

ಪಹಣಿ ನೋಡುವವರಿಗೂ ಇದೇ ಮಾತು. ಪಹಣಿಯ ಕಾಲಂಗಳು ಒತ್ತೊತ್ತಾಗಿರುತ್ತವೆ. 11ನೇ ಕಾಲಂನಲ್ಲಿರುವ ಸಾಲದ ವಿವರ ಓದಲು ಚಿತ್ರ ಹಿಗ್ಗಿಸಿ, ಅತ್ತಿತ್ತ ಎಳೆದು, ಮತ್ತೆ ಕುಗ್ಗಿಸಿ ಸುಸ್ತಾಗುತ್ತದೆ. ಚುಕ್ಕೆ ಜಾಸ್ತಿ ಇರುವ ಸ್ಕ್ರೀನಿನಲ್ಲಿ ಈ ಎಳೆದಾಟ ಕಡಿಮೆ.

ಹಾಗಂತ 720 ಕೆಟ್ಟದ್ದು ಎಂದಲ್ಲ. ಫೋನ್ ಮಾಡುವುದು, ವಾಟ್ಸಾಪ್ ಧ್ವನಿ ಕಳಿಸುವುದು, ಫೋನ್‌ಪೇ ಮಾಡುವುದು, ಸಂಜೆ ಎರಡು ವಿಡಿಯೋ ನೋಡುವುದು, ಇಷ್ಟೇ ಕೆಲಸ ಇದ್ದವರಿಗೆ ಅದು ಧಾರಾಳ ಸಾಕು. ಅಕ್ಷರ ದೊಡ್ಡದು ಮಾಡಿಕೊಂಡರೆ ಮಸುಕೂ ಅಷ್ಟಾಗಿ ಕಾಣುವುದಿಲ್ಲ. ಬ್ಯಾಟರಿಯೂ ಸ್ವಲ್ಪ ಉಳಿಯುತ್ತದೆ.

ಒಂದು ಎಚ್ಚರ. 120 ಹರ್ಟ್ಸ್ ಎಂದು ಪೆಟ್ಟಿಗೆ ಮೇಲೆ ದೊಡ್ಡ ಅಕ್ಷರದಲ್ಲಿ ಹಾಕುತ್ತಾರೆ, 720 ಎನ್ನುವುದು ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಹರ್ಟ್ಸ್ ಜಾಸ್ತಿ ಇದ್ದರೆ ಪುಟ ಸರಿಸುವಾಗ ನಯವಾಗಿ ಸರಿಯುತ್ತದೆ. ಅಕ್ಷರ ಸ್ಪಷ್ಟವಾಗುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. 90 ಇದ್ದರೂ ನಡೆಯುತ್ತದೆ.

ಕಣದ ಬಿಸಿಲಿನಲ್ಲಿ ಕಾಣುತ್ತದಾ?

ಎರಡು ವರ್ಷದ ಹಿಂದೆ ಚಿಕ್ಕಪ್ಪನಿಗೆ ಫೋನ್ ಆರಿಸಿಕೊಟ್ಟಾಗ ನಾನು ತಪ್ಪು ಮಾಡಿದೆ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಝಗಝಗ ಎನ್ನುತ್ತಿದ್ದ ಸ್ಕ್ರೀನು ಫೆಬ್ರವರಿಯಲ್ಲಿ ಕಾಫಿ ಒಣಗಿಸುವ ಕಣದಲ್ಲಿ ಕನ್ನಡಿಯಾಯಿತು. ಚಿಕ್ಕಪ್ಪ ಟೋಪಿ ತೆಗೆದು ಫೋನಿಗೆ ನೆರಳು ಹಿಡಿದು ನಂಬರ್ ಒತ್ತುತ್ತಿದ್ದರು. ಅದನ್ನು ನೋಡಿ ನನಗೆ ನಿಜಕ್ಕೂ ಬೇಜಾರಾಯಿತು.

ಸ್ಕ್ರೀನಿನ ಬೆಳಕನ್ನು ನಿಟ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಹೊರಗೆ ದುಡಿಯುವವರು 800ಕ್ಕಿಂತ ಕಡಿಮೆ ಇರುವುದನ್ನು ತಗೊಳ್ಳದಿದ್ದರೆ ಒಳ್ಳೆಯದು. ಇಲ್ಲೂ ಒಂದು ಸೂಕ್ಷ್ಮ ಇದೆ. ಅಮೋಲೆಡ್ ಎಂಬ ಬಗೆಯ ಸ್ಕ್ರೀನ್ ಇರುವ ಫೋನುಗಳಿಗೆ "ಪೀಕ್" ಎಂದು ದೊಡ್ಡ ಸಂಖ್ಯೆ ಹಾಕಿರುತ್ತಾರೆ. ಅದು ಸ್ಕ್ರೀನಿನ ಒಂದು ಸಣ್ಣ ಭಾಗ ಮಾತ್ರ ಬೆಳಗಿದಾಗಿನ ಲೆಕ್ಕ. ಬಿಸಿಲಿನಲ್ಲಿ ಇಡೀ ಸ್ಕ್ರೀನ್ ಎಷ್ಟು ಬೆಳಗುತ್ತದೆ ಎನ್ನುವುದಕ್ಕೆ "ಹೈ ಬ್ರೈಟ್‌ನೆಸ್ ಮೋಡ್" ಎಂದು ಬೇರೆ ಸಂಖ್ಯೆ ಕೊಟ್ಟಿರುತ್ತಾರೆ. ಅದನ್ನು ಹುಡುಕಿ ನೋಡಿ.

ಎಲ್‌ಸಿಡಿಯಲ್ಲಿ ಹಿಂದಿನಿಂದ ದೀಪ ಬೆಳಗುತ್ತದೆ, ಅಮೋಲೆಡ್‌ನಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ. ಕಪ್ಪು ನಿಜವಾದ ಕಪ್ಪು, ಬಣ್ಣ ಗಾಢ. ಆದರೆ ಬಿದ್ದು ಒಡೆದರೆ ಅಮೋಲೆಡ್ ಸ್ಕ್ರೀನ್ ಹಾಕಿಸಲು ಎಲ್‌ಸಿಡಿಗಿಂತ ಬಹಳ ಜಾಸ್ತಿ ಖರ್ಚು. ರಾತ್ರಿ ಬೆಳಕು ತೀರಾ ಕಡಿಮೆ ಮಾಡಿ ಓದುವಾಗ ಅದರ ಮಿನುಗುವಿಕೆ ಕೆಲವರ ಕಣ್ಣಿಗೆ ಆಗಿ ಬರುವುದಿಲ್ಲ, ತಲೆ ನೋಯುತ್ತದೆ. ಮನೆಯಲ್ಲಿ ಫೋನು ಪದೇ ಪದೇ ಬೀಳುತ್ತದೆ, ಮಕ್ಕಳ ಕೈಗೆ ಹೋಗುತ್ತದೆ ಎನ್ನುವವರು ಒಳ್ಳೆಯ ಎಲ್‌ಸಿಡಿ ತಗೊಳ್ಳುವುದೇ ಲೇಸು.

ಸಿಗ್ನಲ್, ಮಳೆ, ಕರೆಂಟು

ಬೆಂಗಳೂರಿನಲ್ಲಿ ಕೂತು ಬರೆಯುವವರು ಇದನ್ನು ಅಷ್ಟಾಗಿ ಹೇಳುವುದಿಲ್ಲ. ನಮಗೆ ಇದೇ ಜೀವಾಳ, ಅಲ್ವಾ? ಗುಡ್ಡದ ಮರೆಯಲ್ಲಿ, ಕಾಫಿ ತೋಟದ ಮರಗಳ ನಡುವೆ ಕಡಿಮೆ ಫ್ರೀಕ್ವೆನ್ಸಿಯ ಸಿಗ್ನಲ್ಲೇ ದೂರ ಬರುವುದು. ಬಿಎಸ್‌ಎನ್‌ಎಲ್ 4ಜಿ 700 ಮೆಗಾಹರ್ಟ್ಸ್ ಮತ್ತು 2100 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ. ಅಂದರೆ ಫೋನಿನ ವಿವರದಲ್ಲಿ ಬ್ಯಾಂಡ್ 28 ಮತ್ತು ಬ್ಯಾಂಡ್ 1 ಎರಡೂ ಇರಬೇಕು. ಬ್ಯಾಂಡ್ 28 ಇಲ್ಲದ ಫೋನಿಗೆ ಆ 700ರ ಸಿಗ್ನಲ್ ಸಿಗುವುದೇ ಇಲ್ಲ. ಜಿಯೋ ಬಳಸುವವರು ಬ್ಯಾಂಡ್ 5 ಇದೆಯಾ ನೋಡಿ, ಅದು 850 ಮೆಗಾಹರ್ಟ್ಸ್. ಮನೆಗೆ ಬ್ರಾಡ್‌ಬ್ಯಾಂಡ್ ಬಂದಿದ್ದರೆ ವೈಫೈ ಕಾಲಿಂಗ್ ಇರುವ ಫೋನೇ ಬೇಕು. ಒಳಕೋಣೆಯಲ್ಲಿ ಒಂದು ಕಡ್ಡಿಯೂ ಇಲ್ಲದಾಗ ಅದರಿಂದಲೇ ಕರೆ ಬರುತ್ತದೆ.

5ಜಿ ಬೇಕಾ? ನಮ್ಮ ದೇಶದಲ್ಲಿ ಅದು 2022ರ ಅಕ್ಟೋಬರ್ 1ರಂದು ಶುರುವಾಯಿತು. ಹಾಸನ, ಚಿಕ್ಕಮಗಳೂರು ಪೇಟೆಯೊಳಗೆ ಇರುವವರಿಗೆ ಪ್ರಯೋಜನ ಇದೆ. ತೋಟದ ಮನೆಯಲ್ಲಿರುವವರು 5ಜಿಗಾಗಿಯೇ ದುಡ್ಡು ಸುರಿಯುವ ಮೊದಲು ಪಕ್ಕದ ಮನೆಯವರ ಫೋನಿನಲ್ಲಿ ಅದು ಬರುತ್ತದಾ ಎಂದು ಒಮ್ಮೆ ನೋಡಿ. ಇನ್ನೊಂದು ವಿಷಯ. ಜಿಯೋದ 5ಜಿ ಎಸ್‌ಎ ಬಗೆಯದು, ಅಂದರೆ 4ಜಿಯ ಆಸರೆ ಇಲ್ಲದೆ ತಾನೇ ನಡೆಯುವಂಥದ್ದು. ಏರ್‌ಟೆಲ್ 5ಜಿ ಶುರುವಾದದ್ದು 4ಜಿಯ ಆಸರೆಯಲ್ಲಿ ನಡೆಯುವ ಎನ್‌ಎಸ್‌ಎ ಬಗೆಯಲ್ಲಿ. ತೀರಾ ಅಗ್ಗದ ಕೆಲವು 5ಜಿ ಫೋನುಗಳು ಎಸ್‌ಎ ಮಾತ್ರ ಹಿಡಿಯುತ್ತವೆ. ನಿಮ್ಮ ಸಿಮ್ ಯಾವುದೋ ಅದಕ್ಕೆ ಹೊಂದುತ್ತದಾ ಕೇಳಿಯೇ ತಗೊಳ್ಳಿ.

ಸಿಗ್ನಲ್ ದುರ್ಬಲ ಇರುವ ಕಡೆ ಫೋನು ಟವರ್ ಹಿಡಿಯಲು ಜಾಸ್ತಿ ಶಕ್ತಿ ಹಾಕುತ್ತದೆ. ಪೇಟೆಯಲ್ಲಿ ಎರಡು ದಿನ ಬರುವ ಬ್ಯಾಟರಿ ತೋಟದಲ್ಲಿ ಒಂದೇ ದಿನಕ್ಕೆ ಮುಗಿಯುವುದು ಅದಕ್ಕೇ. ಜುಲೈನಲ್ಲಿ ಲೈನ್ ಮೇಲೆ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇಲ್ಲದ ಊರುಗಳಲ್ಲಿ 6000 ಎಂಎಎಚ್ ಬ್ಯಾಟರಿ ಕೈ ಹಿಡಿಯುತ್ತದೆ. ಜೊತೆಗೆ ಬೇಗ ಚಾರ್ಜ್ ಆಗುವುದೂ ಮುಖ್ಯ. ಸಂಜೆ ಒಂದು ಗಂಟೆ ಜನರೇಟರ್ ಹಾಕಿದಾಗ 33 ವ್ಯಾಟಿನ ಚಾರ್ಜರ್ ಇದ್ದರೆ ಮುಕ್ಕಾಲು ಭಾಗವಾದರೂ ತುಂಬಿರುತ್ತದೆ. 10 ವ್ಯಾಟಿನದಾದರೆ ಎರಡೂವರೆ, ಮೂರು ಗಂಟೆ ಬೇಕು. ಪೆಟ್ಟಿಗೆಯಲ್ಲಿ ಚಾರ್ಜರ್ ಇದೆಯಾ ಎಂದೂ ಕೇಳಿ, ಈಗ ಕೆಲವು ಕಂಪನಿ ಕೊಡುವುದಿಲ್ಲ.

ಮಳೆಗೆ ಐಪಿ ಸಂಖ್ಯೆ ನೋಡಬೇಕು. ಐಪಿ 54, ಐಪಿ 64 ಎಂದರೆ ಹನಿ ಸಿಡಿದರೆ ತಡೆಯುತ್ತದೆ. ಐಪಿ 68 ಎಂದರೆ ನೀರಿನಲ್ಲಿ ಮುಳುಗಿದರೂ ಒಂದು ಮಿತಿಯವರೆಗೆ ತಡೆಯುತ್ತದೆ. ಈ ಬಜೆಟ್ಟಿನಲ್ಲಿ 54 ಅಥವಾ 64 ಸಿಕ್ಕರೆ ಒಳ್ಳೆಯದು. ಆದರೂ ನೀರು ಹೋಗಿ ಕೆಟ್ಟರೆ ಸಾಮಾನ್ಯವಾಗಿ ವಾರಂಟಿ ಕೊಡುವುದಿಲ್ಲ. ಹಾಗಾಗಿ ಮಳೆಗಾಲದಲ್ಲಿ ಜೇಬಿನಲ್ಲೊಂದು ಪ್ಲಾಸ್ಟಿಕ್ ಕವರ್ ಇರಲಿ.

ಉಳಿದದ್ದು ಚುಟುಕಾಗಿ ಹೇಳುತ್ತೇನೆ. ರ್‍ಯಾಮ್ 6 ಜಿಬಿ ಇರಲಿ. "4+4" ಎಂದು ಬರೆದಿದ್ದರೆ ಅದರಲ್ಲಿ ನಿಜವಾದದ್ದು 4 ಮಾತ್ರ, ಉಳಿದದ್ದು ಸ್ಟೋರೇಜಿನಿಂದ ಕಡ ತಂದದ್ದು, ನಿಧಾನ. ಸ್ಟೋರೇಜ್ 128 ಜಿಬಿ. ಕ್ಯಾಮೆರಾಕ್ಕೆ 50 ಮೆಗಾಪಿಕ್ಸೆಲ್ ಎಂದು ಎಲ್ಲರೂ ಹಾಕುತ್ತಾರೆ. ಈ ಬೆಲೆಯಲ್ಲಿ ಹಗಲು ಎಲ್ಲವೂ ಚೆನ್ನಾಗಿಯೇ ಬರುತ್ತದೆ, ರಾತ್ರಿ ಯಾವುದೂ ಅಷ್ಟಕ್ಕಷ್ಟೆ. ಬೆಳೆ ಸಮೀಕ್ಷೆ ಆ್ಯಪಿನಲ್ಲಿ ಫೋಟೋ ಹಾಕಲು, ದಿಶಾಂಕ್ ಆ್ಯಪಿನಲ್ಲಿ ಜಮೀನಿನ ಸರ್ವೆ ನಂಬರ್ ನೋಡಲು ಜಿಪಿಎಸ್ ಚುರುಕಾಗಿರಬೇಕು.

ಈಗ ನಾಲ್ಕು ದಾರಿ

ಮೊದಲನೆಯದು ಏಳರಿಂದ ಒಂಬತ್ತು ಸಾವಿರದೊಳಗಿನದು. ಸ್ಕ್ರೀನ್ 6.7, 6.8 ಇಂಚು ಸಿಗುತ್ತದೆ. ಆದರೆ ಹೆಚ್ಚಾಗಿ 720ರ ಎಲ್‌ಸಿಡಿ, 4 ಜಿಬಿ ರ್‍ಯಾಮ್, ನಿಧಾನದ ಸ್ಟೋರೇಜ್. ಹೊಸದರಲ್ಲಿ ಚೆನ್ನಾಗಿ ಓಡುತ್ತದೆ. ಎರಡನೇ ವರ್ಷ ಆ್ಯಪುಗಳು ದಪ್ಪಗಾಗುತ್ತವೆ, ಫೋನು ತಡವರಿಸಲು ಶುರುಮಾಡುತ್ತದೆ. ಯಾರಿಗೆ ಸರಿ? ಫೋನ್ ಬರುವುದು, ಹೋಗುವುದು, ಮಗನ ವಿಡಿಯೋ ಕಾಲ್, ಇಷ್ಟೇ ಬೇಕಾದ ಹಿರಿಯರಿಗೆ. ದಿನಾ ಪತ್ರಿಕೆ ಓದುವವರಿಗೆ ನಾನು ಇದನ್ನು ಹೇಳುವುದಿಲ್ಲ.

ಎರಡನೆಯದು ಹತ್ತರಿಂದ ಹದಿಮೂರು ಸಾವಿರದ್ದು. 5ಜಿ, ದೊಡ್ಡ ಬ್ಯಾಟರಿ, ಗಟ್ಟಿ ದೇಹ. ಸ್ಕ್ರೀನ್ ಹೆಚ್ಚಿನವುಗಳಲ್ಲಿ ಇನ್ನೂ 720ರದ್ದೇ, ಹುಡುಕಿದರೆ 1080ರ ಎಲ್‌ಸಿಡಿ ಒಂದೆರಡು ಸಿಗುತ್ತವೆ. ಎಸ್ಟೇಟ್ ರೈಟರ್ ಗೆಳೆಯನಿಗೆ ನಾನು ಹೇಳಿದ್ದು ಇದನ್ನೇ. ಅವನು ಬೆಳಿಗ್ಗೆ ಆಳುಗಳ ಹಾಜರಿ ಹಾಕಬೇಕು, ಮಧ್ಯಾಹ್ನ ಕಣದಲ್ಲಿ ನಿಂತು ತೂಕ ಬರೆದು ಕಳಿಸಬೇಕು, ಫೋನು ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಕುಣಿಯುತ್ತಾ ಹೋಗಬೇಕು. ಅವನಿಗೆ ಬೇಕಿದ್ದು ಬೆಳಕು, ಬ್ಯಾಟರಿ, ಬ್ಯಾಂಡ್ 28, ಐಪಿ 64. ಒಡೆದರೆ ಕಡಿಮೆ ಖರ್ಚಿನಲ್ಲಿ ಹಾಕಿಸಬಹುದಾದ ಎಲ್‌ಸಿಡಿ. ಚುಕ್ಕೆ ಸ್ವಲ್ಪ ಕಡಿಮೆಯಾದರೂ ಅವನಿಗೆ ನಷ್ಟ ಇಲ್ಲ. ತೂಕ ಮಾತ್ರ ಗಮನಿಸಬೇಕು. ದೊಡ್ಡ ಬ್ಯಾಟರಿಯ ಫೋನು ಕವರ್ ಸೇರಿ ಕಾಲು ಕಿಲೋ ಹತ್ತಿರ ಹೋಗುತ್ತದೆ. ಅಂಗಿ ಜೇಬು ಜೋತು ಬೀಳುತ್ತದೆ.

ಮೂರನೆಯದು ಹದಿನೈದರಿಂದ ಹತ್ತೊಂಬತ್ತು ಸಾವಿರದ್ದು. ಇಲ್ಲಿ 1080ರ ಅಮೋಲೆಡ್ ಸಲೀಸಾಗಿ ಸಿಗುತ್ತದೆ. ಅದಕ್ಕಿಂತ ಮುಖ್ಯ ಇನ್ನೊಂದಿದೆ: ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ ಎನ್ನುವುದು. ಭದ್ರತೆಯ ಅಪ್‌ಡೇಟ್ ನಿಂತ ಫೋನಿನಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದು ಕ್ಷೇಮ ಅಲ್ಲ. ಕೆಲವು ವರ್ಷ ಕಳೆದರೆ ಆ್ಯಪುಗಳೇ ಹಳೇ ಆಂಡ್ರಾಯ್ಡಿನಲ್ಲಿ ಓಡುವುದನ್ನು ನಿಲ್ಲಿಸುತ್ತವೆ. ಉದಾಹರಣೆಗೆ 2024ರ ಅಕ್ಟೋಬರ್‌ನಲ್ಲಿ 18,999 ರೂಪಾಯಿಗೆ ಶುರುವಾದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ16 5ಜಿಗೆ ಕಂಪನಿ 6 ವರ್ಷದ ಅಪ್‌ಡೇಟ್ ಹೇಳಿದೆ. 6.7 ಇಂಚು, 1080ರ ಅಮೋಲೆಡ್, ಐಪಿ 54. ಅದೇ ತಗೊಳ್ಳಿ ಎನ್ನುತ್ತಿಲ್ಲ. ಬೇರೆ ಯಾವುದನ್ನು ನೋಡಿದರೂ ಇದರ ಪಕ್ಕ ಇಟ್ಟು ತೂಗಿ ನೋಡಿ.

ವರ್ಷದ ಲೆಕ್ಕ ಹಾಕಿ. 9,000ದ ಫೋನು ಎರಡು ವರ್ಷ ಬಂದರೆ ವರ್ಷಕ್ಕೆ 4,500. 17,000ದ್ದು ಐದು ವರ್ಷ ಬಂದರೆ ವರ್ಷಕ್ಕೆ 3,400. ಅಗ್ಗ ಯಾವುದು? ಚಿಕ್ಕಮ್ಮನಿಗೆ ಈ ಲೆಕ್ಕ ಹೇಳಿದೆ. ಮೊದಲು "ಅಷ್ಟೊಂದಾ?" ಎಂದವರು ಆಮೇಲೆ ಒಪ್ಪಿದರು. ಒಪ್ಪಿದ್ದು ಲೆಕ್ಕಕ್ಕಿಂತ ಜಾಸ್ತಿ ಆ "ಷ್ಟ್ರೀ" ನೋಡಿ. ಒಮ್ಮೆಗೇ ಅಷ್ಟು ದುಡ್ಡು ಇಲ್ಲದವರಿಗೆ ಈ ಲೆಕ್ಕದಿಂದ ಪ್ರಯೋಜನ ಇಲ್ಲ, ಅದು ನನಗೂ ಗೊತ್ತು. ಬಡ್ಡಿ ಇಲ್ಲದ ಕಂತು ಸಿಕ್ಕರೆ ಯೋಚಿಸಬಹುದು. ಪ್ರೊಸೆಸಿಂಗ್ ಫೀ ಎಂದು ಎಷ್ಟು ಹಿಡಿಯುತ್ತಾರೆ ಕೇಳಿಕೊಳ್ಳಿ.

ಕೈ ಬದಲಾದ ಫೋನು, ಅಂದರೆ ಮೂರು ವರ್ಷದ ಹಿಂದಿನ ದುಬಾರಿ ಫೋನನ್ನು ಹದಿನೈದು ಸಾವಿರಕ್ಕೆ ತಗೊಳ್ಳುವುದು ಇನ್ನೊಂದು ಆಸೆ. ಸ್ಕ್ರೀನ್, ಕ್ಯಾಮೆರಾ ಎರಡೂ ಮೇಲ್ದರ್ಜೆಯವು ನಿಜ. ಆದರೆ ಬ್ಯಾಟರಿ ಸವೆದಿರುತ್ತದೆ, ಅಪ್‌ಡೇಟ್ ಮುಗಿಯುತ್ತಾ ಬಂದಿರುತ್ತದೆ. ಹಳೇ ಅಮೋಲೆಡ್‌ನಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಹಸಿರು ಗೆರೆ ಮೂಡುವುದೂ ಉಂಟು. ಗುರುತಿನವರ ಫೋನಾದರೆ ಮಾತ್ರ ತಗೊಳ್ಳಿ. ತಗೊಳ್ಳುವ ಮೊದಲು ಕೆವೈಎಂ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಜಾಗ ಬಿಟ್ಟು ಐಎಂಇಐ (ಪ್ರತಿ ಫೋನಿಗೂ ಇರುವ ಅದರದೇ ಗುರುತಿನ ಸಂಖ್ಯೆ) ಹಾಕಿ 14422ಕ್ಕೆ ಮೆಸೇಜ್ ಕಳಿಸಿ. ಕದ್ದ ಫೋನೆಂದು ಬ್ಲಾಕ್ ಆಗಿದೆಯೇ ಎಂದು ಉತ್ತರ ಬರುತ್ತದೆ.

ನಾಲ್ಕನೆಯ ದಾರಿ ನನಗೆ ತುಂಬಾ ಇಷ್ಟವಾದದ್ದು. ಓದುವ ಮಕ್ಕಳಿಗೆ ದೊಡ್ಡ ಫೋನೇ ಬೇಡ. ಈಗಿರುವ ಫೋನು ಇರಲಿ, ಹನ್ನೊಂದು ಹನ್ನೆರಡು ಸಾವಿರದ ಒಂದು ಟ್ಯಾಬ್ಲೆಟ್ ತಗೊಳ್ಳಿ. 10.1 ಇಂಚಿನ ಟ್ಯಾಬ್ಲೆಟ್ಟನ್ನು ಉದ್ದಕ್ಕೆ ಹಿಡಿದರೆ ಸ್ಕ್ರೀನಿನ ಅಗಲ ಸುಮಾರು 13.6 ಸೆಂ.ಮೀ., ಫೋನಿನ ಹತ್ತಿರ ಹತ್ತಿರ ಎರಡರಷ್ಟು. ಪಠ್ಯಪುಸ್ತಕದ ಪಿಡಿಎಫ್ ಪುಟ ಹಿಗ್ಗಿಸದೆ ಓದಬಹುದು. ಸಿಮ್ ಹಾಕುವಂಥದ್ದು ಬೇಡ, ವೈಫೈ ಮಾತ್ರ ಇರುವುದು ಅಗ್ಗ. ಫೋನಿನ ಹಾಟ್‌ಸ್ಪಾಟ್ ಸಾಕು. ಅಕ್ಕನ ಮಗಳಿಗೆ ಇದನ್ನೇ ಹೇಳಿದೆ. "ಮಾಮ, ಕ್ಲಾಸಿಗೆ ಎಲ್ಲ ಫೋನೇ ತರ್ತಾರೆ" ಎಂದು ಮುಖ ಸಣ್ಣ ಮಾಡಿದಳು. ಭೌತಶಾಸ್ತ್ರದ ಒಂದು ಲೆಕ್ಕದ ಪುಟವನ್ನು ಎರಡರಲ್ಲೂ ತೋರಿಸಿದ ಮೇಲೆ ಟ್ಯಾಬ್ಲೆಟ್ಟೇ ಇರಲಿ ಎಂದಳು. ಹೊರಗೆ ಬಿಸಿಲಿನಲ್ಲಿ, ಬಸ್ಸಿನಲ್ಲಿ ಮಾತ್ರ ಇದು ಉಪಯೋಗಕ್ಕೆ ಬರುವುದಿಲ್ಲ.

ಅಂಗಡಿಗೆ ಹೋದ ದಿನ

ಚಿಕ್ಕಮಗಳೂರಿನ ಐ.ಜಿ. ರಸ್ತೆಯೋ, ಹಾಸನದ ಬಿ.ಎಂ. ರಸ್ತೆಯೋ, ಎಲ್ಲಿಗೇ ಹೋಗಿ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಹೋಗಿ. ಡೆಮೊ ಫೋನಿನಲ್ಲಿ ಅವರು ಹಾಕಿಟ್ಟ ಹೂವಿನ ವಿಡಿಯೋ ನೋಡಬೇಡಿ. ನೀವು ದಿನಾ ಓದುವ ಕನ್ನಡ ಪತ್ರಿಕೆ ತೆರೆಯಿರಿ, ಒತ್ತಕ್ಷರ ಇರುವ ಒಂದು ಸಾಲು ಹುಡುಕಿ. ಬ್ರೈಟ್‌ನೆಸ್ ಪೂರ್ತಿ ಮಾಡಿ, "ಹೊರಗೆ ನೋಡಬಹುದಾ?" ಎಂದು ಕೇಳಿ ಬಾಗಿಲಾಚೆ ಬಿಸಿಲಿಗೆ ಬನ್ನಿ. ಅಲ್ಲೂ ಆ ಸಾಲು ಓದಲು ಬರುತ್ತದಾ ನೋಡಿ. ಬೆರಳು ಒದ್ದೆ ಮಾಡಿಕೊಂಡು ಎರಡು ನಂಬರ್ ಒತ್ತಿ. ಒಂದೇ ಕೈಯಲ್ಲಿ ಹಿಡಿದು ಹೆಬ್ಬೆರಳು ಸ್ಕ್ರೀನಿನ ಮೇಲ್ತುದಿಗೆ ಎಷ್ಟು ಹೋಗುತ್ತದೆ ನೋಡಿ.

ಆ ಕಂಪನಿಯ ಸರ್ವಿಸ್ ಸೆಂಟರ್ ನಿಮ್ಮ ಜಿಲ್ಲೆಯಲ್ಲೇ ಇದೆಯಾ ಕೇಳಿ. ಇಲ್ಲದಿದ್ದರೆ ಕೆಟ್ಟಾಗ ಫೋನು ಬೆಂಗಳೂರಿಗೆ ಹೋಗಿ ಬರುವವರೆಗೆ ಕಾಯಬೇಕು. ಆನ್‌ಲೈನಿನಲ್ಲಿ ಐನೂರು ಕಡಿಮೆ ಸಿಗಬಹುದು, ಆ ರೇಟು ತೋರಿಸಿ ಅಂಗಡಿಯವರನ್ನು ಕೇಳಿದರೆ ಎಷ್ಟೋ ಸಲ ಅವರೂ ಇಳಿಸುತ್ತಾರೆ. ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇವೆ ಎಂದರೆ ಬೇಡ. ಫೋನಿನ ಬೆಲೆಯಲ್ಲಿ 18 ಶೇಕಡಾ ಜಿಎಸ್‌ಟಿ ಇರುತ್ತದೆ, ಅದು ಕಾಣುವ ಬಿಲ್ ಇದ್ದರೆ ಮಾತ್ರ ವಾರಂಟಿಗೆ ಮಾತಾಡಬಹುದು, 1915ರ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು. ದುಡ್ಡು ಕೊಡುವ ಮೊದಲು *#06# ಒತ್ತಿ. ಸ್ಕ್ರೀನಿನಲ್ಲಿ ಬರುವ ಐಎಂಇಐ, ಪೆಟ್ಟಿಗೆ ಮೇಲಿರುವುದು, ಬಿಲ್ಲಿನಲ್ಲಿ ಬರೆದದ್ದು, ಮೂರೂ ಒಂದೇ ಇದ್ದರೆ ಸಿಮ್ ಹಾಕಿ ಅಲ್ಲಿಂದಲೇ ಮನೆಗೊಂದು ಫೋನ್ ಮಾಡಿ.